ಯಾವ ಲಸಿಕೆ, ಎಷ್ಟು ಪುರಾವೆ

ಲಸಿಕೆಯನ್ನು ನೀವು ನಂಬುತ್ತೀರಾ ಎಂದು ಕೇಳುವವರು ಕೋವಿಡ್ ಬಂದಮೇಲೆ ಹೆಚ್ಚಾಗಿದ್ದಾರೆ. ಉತ್ತರ ಕೊಟ್ಟ ಕೂಡಲೇ ನಮ್ಮನ್ನು ಒಂದು ಪಕ್ಷಕ್ಕೆ ಸೇರಿಸಿಬಿಡುವ ಪ್ರಶ್ನೆ ಅದು. ಹೌದೆಂದರೆ ಔಷಧ ಕಂಪನಿಗಳ ಬಾಲಬಡುಕ, ಇಲ್ಲವೆಂದರೆ ಮೂಢ. ನನಗೆ ಎರಡರಲ್ಲಿ ಯಾವ ಉತ್ತರವನ್ನೂ ಕೊಡಲು ಮನಸ್ಸು ಬರುವುದಿಲ್ಲ. ದಡಾರದ ಲಸಿಕೆಯ ಬಗ್ಗೆ ನನಗಿರುವ ಭರವಸೆ, ಮಂಗನ ಕಾಯಿಲೆಗೆಂದು ಮಲೆನಾಡಿನ ಜನರಿಗೆ ಮೂರು ದಶಕ ಚುಚ್ಚಿದ ಲಸಿಕೆಯ ಬಗ್ಗೆ ಇಲ್ಲ. ಇರಬೇಕಾದ ಕಾರಣವೂ ಇಲ್ಲ. ಎರಡನ್ನೂ ಕರೆಯುವುದು ಒಂದೇ ಹೆಸರಿನಿಂದ, ಕೊಡುವುದೂ ಸೂಜಿಯಲ್ಲೇ. ಆದರೆ ಅವುಗಳ ಹಿಂದಿರುವ ಪುರಾವೆ ಬೇರೆ ಬೇರೆ. ಪುರಾವೆ ಬೇರೆಯಾದರೆ ನಾಗರಿಕನ ಕರ್ತವ್ಯವೂ ಸರ್ಕಾರದ ಹೊಣೆಯೂ ಬೇರೆಯಾಗುತ್ತವೆ ಎಂಬುದು ನನ್ನ ವಾದ. ಇದನ್ನು ಹೇಳಲು ದೇಹದ ಒಳಗೆ ನಡೆಯುವುದೇನು ಎಂಬಲ್ಲಿಂದ ಹೊರಡಬೇಕು.

1846ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫೇರೋ ದ್ವೀಪಗಳಿಗೆ ದಡಾರ ಬಂತು. ಅಲ್ಲಿದ್ದ ಎಂಟು ಸಾವಿರಕ್ಕೂ ಕಡಿಮೆ ಜನರಲ್ಲಿ ಸುಮಾರು ಆರು ಸಾವಿರ ಜನ ಹಾಸಿಗೆ ಹಿಡಿದರು. ಡೆನ್ಮಾರ್ಕ್ ಸರ್ಕಾರ ಪೀಟರ್ ಪಾನುಮ್ ಎಂಬ ಎಳೆಯ ವೈದ್ಯನನ್ನು ಅಲ್ಲಿಗೆ ಕಳಿಸಿತು. ಆತ ಹಳ್ಳಿ ಹಳ್ಳಿ ತಿರುಗಿ ಯಾರಿಗೆ ಯಾವಾಗ ಬಂತು, ಯಾರ ಮನೆಯಿಂದ ಬಂತು ಎಂದು ಬರೆದುಕೊಳ್ಳುತ್ತಾ ಹೋದ. ಆ ದ್ವೀಪಗಳಿಗೆ ಅದಕ್ಕೆ ಹಿಂದೆ ದಡಾರ ಬಂದದ್ದು 1781ರಲ್ಲಿ. ನಡುವಿನ 65 ವರ್ಷ ಅದರ ಸುಳಿವೇ ಇರಲಿಲ್ಲ. ಮಗುವಾಗಿದ್ದಾಗ ಅದನ್ನು ಅನುಭವಿಸಿದ್ದ ಮುದುಕ ಮುದುಕಿಯರು ಇನ್ನೂ ಹಲವರು ಬದುಕಿದ್ದರು. ಪಾನುಮ್ ವಿಚಾರಿಸಿದ ಅಂಥವರಲ್ಲಿ ಒಬ್ಬರಿಗೂ ಎರಡನೇ ಸಲ ಕಾಯಿಲೆ ಬಂದಿರಲಿಲ್ಲ. ಅದೇ ವಯಸ್ಸಿನವರಾಗಿ ಅಂದು ತಪ್ಪಿಸಿಕೊಂಡಿದ್ದವರನ್ನು ಈ ಸಲ ಅದು ಬಿಡಲಿಲ್ಲ. ವೈರಸ್ ಎಂಬುದೊಂದಿದೆ ಎಂದೇ ಯಾರಿಗೂ ತಿಳಿಯದಿದ್ದ ಕಾಲ ಅದು. ಆದರೂ ದೇಹ ಒಂದು ರೋಗವನ್ನು ಅರವತ್ತೈದು ವರ್ಷ ನೆನಪಿಡಬಲ್ಲದು ಎಂಬ ತೀರ್ಮಾನಕ್ಕೆ ಪಾನುಮ್‌ನ ಟಿಪ್ಪಣಿಗಳು ಸಾಕಾದವು.

ಆ ನೆನಪು ಎಲ್ಲಿರುತ್ತದೆ ಎಂಬುದು ಇಪ್ಪತ್ತನೇ ಶತಮಾನದಲ್ಲಿ ಗೊತ್ತಾಯಿತು. ಚರ್ಮ, ಲೋಳೆಪೊರೆ, ಸಿಕ್ಕಿದ್ದನ್ನು ನುಂಗಿ ಕರಗಿಸುವ ಬಿಳಿ ರಕ್ತಕಣಗಳು, ಜ್ವರ ಇವೆಲ್ಲ ರೋಗಾಣುವಿನ ಗುರುತು ಪರಿಚಯ ಕೇಳದೆ ಕೆಲಸ ಮಾಡುತ್ತವೆ. ಇದು ಮೊದಲ ಹಂತ. ಎರಡನೆಯ ಹಂತದ್ದು ಬೇರೆಯದೇ ವಿಧಾನ. ಬಿ ಮತ್ತು ಟಿ ಎಂದು ಕರೆಯುವ ಜೀವಕೋಶಗಳಲ್ಲಿ ಪ್ರತಿಯೊಂದೂ ಒಂದೇ ಒಂದು ಆಕಾರವನ್ನು ಗುರುತಿಸಬಲ್ಲದು. ಆ ಆಕಾರ ಯಾವುದೆಂದು ತೀರ್ಮಾನವಾಗುವುದು ರೋಗಾಣು ಬಂದಮೇಲಲ್ಲ, ಬರುವ ಮೊದಲೇ, ವಂಶವಾಹಿಯ ತುಣುಕುಗಳನ್ನು ಕಲಸಿ ಯಾದೃಚ್ಛಿಕವಾಗಿ ಜೋಡಿಸುವ ಮೂಲಕ. ಬಿ ಕೋಶಗಳು ಹೊರಬಿಡುವ ಪ್ರತಿಕಾಯಗಳ ಮಟ್ಟಿಗೆ ಈ ಕಲಸಾಟವನ್ನು ತೋರಿಸಿಕೊಟ್ಟ ಜಪಾನಿನ ಸುಸುಮು ತೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ಹೀಗೆ ಹುಟ್ಟಿದ ಕೋಶಗಳಲ್ಲಿ ನಮ್ಮದೇ ದೇಹದ ಮೇಲೆ ಎರಗುವಂಥವು ಬಹುಮಟ್ಟಿಗೆ ಆರಂಭದಲ್ಲೇ, ಎದೆಯ ಥೈಮಸ್ ಗ್ರಂಥಿಯಲ್ಲಿ ಮತ್ತು ಎಲುಬಿನ ಮಜ್ಜೆಯಲ್ಲಿ, ನಾಶವಾಗುತ್ತವೆ. ಉಳಿದವು ರಕ್ತದಲ್ಲಿ, ದುಗ್ಧಗ್ರಂಥಿಗಳಲ್ಲಿ ಕಾಯುತ್ತಿರುತ್ತವೆ.

ಹೊಸ ರೋಗಾಣು ಬಂದಾಗ ಅದಕ್ಕೆ ಹೊಂದುವ ಕೋಶಗಳು ದೇಹದಲ್ಲಿ ಇರುವುದೇ ಬೆರಳೆಣಿಕೆಯಷ್ಟು. ಅವು ಮತ್ತೆ ಮತ್ತೆ ಇಬ್ಭಾಗವಾಗಿ ಸಾಕಷ್ಟು ಸಂಖ್ಯೆಗೆ ಬೆಳೆಯಲು, ಬಿ ಕೋಶಗಳು ತಕ್ಕ ಪ್ರತಿಕಾಯಗಳನ್ನು ಸುರಿಸಲು ಒಂದು ವಾರವೋ ಹೆಚ್ಚೋ ಹಿಡಿಯುತ್ತದೆ. ಆ ಅವಧಿಯಲ್ಲಿ ರೋಗಾಣುವೂ ಸುಮ್ಮನಿರುವುದಿಲ್ಲ. ಮಗು ಸಾಯುವುದೂ ಬದುಕುವುದೂ ಬಹುಮಟ್ಟಿಗೆ ಈ ಕೆಲವು ದಿನಗಳ ಲೆಕ್ಕ. ಗೆದ್ದಮೇಲೆ ಆ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ, ಸ್ವಲ್ಪ ಭಾಗ ಉಳಿದುಕೊಳ್ಳುತ್ತದೆ. ಮುಂದಿನ ಸಲ ಹೊರಡುವುದು ಬೆರಳೆಣಿಕೆಯಿಂದಲ್ಲ, ಈ ಉಳಿಕೆಯಿಂದ. ಫೇರೋ ದ್ವೀಪದ ಮುದುಕಿಯರಲ್ಲಿ ಉಳಿದಿದ್ದದ್ದು ಇದೇ.

ಲಸಿಕೆ ಮಾಡುವುದು ಇಷ್ಟೇ: ಆಕಾರವನ್ನು ತೋರಿಸುತ್ತದೆ, ಕಾಯಿಲೆಯನ್ನು ತರುವುದಿಲ್ಲ. ದಡಾರದ್ದರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ, ವಿಜ್ಞಾನಿ ಸಾಲ್ಕ್ ರೂಪಿಸಿದ ಪೋಲಿಯೊ ಲಸಿಕೆಯಲ್ಲಿ ಕೊಂದ ವೈರಸ್, ಹೆಪಟೈಟಿಸ್ ಬಿ ಲಸಿಕೆಯಲ್ಲಿ ವೈರಸ್ಸಿನ ಹೊರಮೈಯ ಒಂದು ಪ್ರೋಟೀನ್ ಮಾತ್ರ. ಹೀಗೆ ಮೂಡುವ ನೆನಪು ಎಲ್ಲ ಕಡೆ ಒಂದೇ ಬಾಳಿಕೆಯದಲ್ಲ. ದಡಾರದ್ದು ಬಹುತೇಕ ಜನ್ಮಪೂರ್ತಿ ಇರುತ್ತದೆ. ಧನುರ್ವಾಯುವಿನದನ್ನು ಆಗಾಗ ನವೀಕರಿಸಬೇಕು. ಫ್ಲೂ ವೈರಸ್ ವರ್ಷ ವರ್ಷವೂ ವೇಷ ಬದಲಿಸುವುದರಿಂದ ಹಳೆಯ ನೆನಪು ಅರ್ಧಂಬರ್ಧ ಉಪಯೋಗಕ್ಕೆ ಬರುತ್ತದೆ. ಕೋವಿಡ್ ಲಸಿಕೆಗಳು ಸಾವನ್ನು, ತೀವ್ರ ಕಾಯಿಲೆಯನ್ನು ಚೆನ್ನಾಗಿ ತಡೆದವು. ಸೋಂಕು ತಗಲುವುದನ್ನೇ ಬಹಳ ಕಾಲ ತಡೆಯಲಿಲ್ಲ. ಇದನ್ನು ಆಗಲೇ ಬಿಡಿಸಿ ಹೇಳಿದ್ದರೆ, ಚುಚ್ಚಿಸಿಕೊಂಡೂ ಬಂತಲ್ಲ ಎಂಬ ಸಿಟ್ಟು ಅರ್ಧ ಕಡಿಮೆಯಾಗುತ್ತಿತ್ತು.

ನಡುವೆ ಒಂದು ಮಾತು. ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತೇವೆ ಎಂದು ಕಷಾಯ, ಲೇಹ್ಯ, ಮಾತ್ರೆಗಳನ್ನು ಮಾರುವವರು ಅದನ್ನು ಅಳೆದು ತುಂಬಬಹುದಾದ ಒಂದು ಸರಕು ಎಂಬಂತೆ ಹೇಳುತ್ತಾರೆ. ಈ ವ್ಯವಸ್ಥೆ ಹೆಚ್ಚಾದಷ್ಟೂ ಒಳ್ಳೆಯದಾಗಿದ್ದರೆ ಸಂಧಿವಾತ ಇರುತ್ತಿರಲಿಲ್ಲ, ಮಕ್ಕಳಿಗೆ ಬರುವ ಟೈಪ್ 1 ಮಧುಮೇಹ ಇರುತ್ತಿರಲಿಲ್ಲ, ಶೇಂಗಾ ತಿಂದು ಉಸಿರುಗಟ್ಟುವವರೂ ಇರುತ್ತಿರಲಿಲ್ಲ. ಅವೆಲ್ಲ ಗುರಿ ತಪ್ಪಿದ ಅಥವಾ ಮಿತಿಮೀರಿದ ನಿರೋಧದ ಫಲ. ಹಸಿದ ಮಗುವಿಗೆ ಊಟ ಕೊಟ್ಟರೆ, ಎ ಜೀವಸತ್ವದ ಕೊರತೆ ನೀಗಿದರೆ ದಡಾರದ ಸಾವು ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಯಾವ ಕಷಾಯವೂ ದಡಾರದ ವೈರಸ್ಸಿನ ಆಕಾರವನ್ನು ದೇಹಕ್ಕೆ ತೋರಿಸಲಾರದು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ: ಕಾಯಿಲೆ ತಾನಾಗಿ ಬಂದು ಹೋಗಲಿ, ಅದರಿಂದ ಸಿಗುವ ರಕ್ಷಣೆಯೇ ಗಟ್ಟಿ. ಪಾನುಮ್‌ನ ಮುದುಕಿಯರೇ ಇದಕ್ಕೆ ಸಾಕ್ಷಿ ಅಲ್ಲವೇ? ಹೌದು, ಆದರೆ ನಾವು ಕೇಳುತ್ತಿರುವುದು ಬದುಕಿ ಉಳಿದವರ ಸಾಕ್ಷಿಯನ್ನು. ಸತ್ತವರು ಹೇಳಲು ಬರುವುದಿಲ್ಲ. ಇನ್ನೂ ಒಂದು ಸಂಗತಿ ಈಚೆಗೆ ತಿಳಿದುಬಂದಿದೆ. ದಡಾರದ ವೈರಸ್ ದಾಳಿ ಮಾಡುವುದೇ ನೆನಪಿನ ಕೋಶಗಳ ಮೇಲೆ. ನೆದರ್ಲೆಂಡ್ಸ್‌ನಲ್ಲಿ ಲಸಿಕೆ ಹಾಕಿಸದೆ ದಡಾರ ಅನುಭವಿಸಿದ 77 ಮಕ್ಕಳ ರಕ್ತವನ್ನು ಕಾಯಿಲೆಗೆ ಮೊದಲೂ ನಂತರವೂ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಬೇರೆ ರೋಗಾಣುಗಳ ವಿರುದ್ಧ ಆ ಮಕ್ಕಳಲ್ಲಿದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟು ಅಳಿಸಿಹೋಗಿದ್ದವು. ಒಂದು ರೋಗದ ನೆನಪನ್ನು ಕೊಟ್ಟು ಹತ್ತಾರು ರೋಗಗಳ ನೆನಪನ್ನು ಕಿತ್ತುಕೊಳ್ಳುವುದನ್ನು ಗಟ್ಟಿ ರಕ್ಷಣೆ ಎನ್ನುವುದು ಕಷ್ಟ. ಲಸಿಕೆಯಿಂದ ಇಂಥ ಅಳಿಸುವಿಕೆ ಕಂಡುಬಂದಿಲ್ಲ.

ಹಾಗೆಂದು ಅನುಮಾನವೆಲ್ಲ ಅಜ್ಞಾನವಲ್ಲ. ಲಸಿಕೆಯ ಇತಿಹಾಸದಲ್ಲಿ ಅನುಮಾನಪಟ್ಟವರು ಸರಿಯಾಗಿದ್ದ ಸಂದರ್ಭಗಳಿವೆ, ಅವನ್ನು ಮುಚ್ಚಿಡುವುದರಿಂದ ಯಾರಿಗೂ ಲಾಭವಿಲ್ಲ. ಹಳೆ ಮೈಸೂರಿನವರು ಮೈಲಿ ಎನ್ನುತ್ತಿದ್ದ ಸಿಡುಬಿಗೆ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ಕೀವನ್ನು ಬಳಸಿದ. 1802ರ ಜೂನ್‌ನಲ್ಲಿ ಬೊಂಬಾಯಿಯ ಮೂರು ವರ್ಷದ ಹುಡುಗಿಗೆ ಅದನ್ನು ಹಾಕಿದರು. ಮೈಸೂರಿನ ಅರಮನೆಗೆ ಅದು ಬಂದದ್ದೂ ಆ ದಶಕದಲ್ಲೇ. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದನೆಂದು ಹೇಳಲಾಗುವ ಚಿತ್ರವೊಂದರಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಸೆರಗು ಸರಿಸಿ ತೋಳಿನತ್ತ ಕೈ ತೋರಿಸುತ್ತಿರುವಾಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ಪತ್ನಿ ದೇವಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಎಂದು ಇತಿಹಾಸಕಾರ ನೈಜಲ್ ಚಾನ್ಸಲರ್ ವಾದಿಸಿದ್ದಾರೆ. ಆಗ ಲಸಿಕೆ ಸಾಗುತ್ತಿದ್ದದ್ದು ಒಬ್ಬರ ತೋಳಿನ ಕೀವಿನಿಂದ ಇನ್ನೊಬ್ಬರ ತೋಳಿಗೆ. ಜಾತಿಯ ಕಾರಣಕ್ಕೆ ಅದನ್ನು ಹೇಸಿದವರ ವಾದಕ್ಕೆ ಬೆಲೆಯಿಲ್ಲ. ಆದರೆ ಇನ್ನೊಬ್ಬರ ಕಾಯಿಲೆಯೂ ಜೊತೆಗೆ ಬಂದೀತೆಂದು ಹೆದರಿದವರು ಸುಳ್ಳು ಹೇಳುತ್ತಿರಲಿಲ್ಲ. 1861ರಲ್ಲಿ ಇಟಲಿಯ ರಿವಾಲ್ಟ ಎಂಬ ಊರಿನ ಮಕ್ಕಳಿಗೆ ಹೀಗೆಯೇ ಸಿಫಿಲಿಸ್ ಅಂಟಿತು. ಮುಂದೆ ಕರುಗಳ ಮೈಯಲ್ಲಿ ಲಸಿಕೆ ಬೆಳೆಸುವ ಕ್ರಮ ಹರಡಿದ್ದಕ್ಕೆ ಇಂಥ ಘಟನೆಗಳೂ ಕಾರಣ. 1980ರ ಮೇ 8ರಂದು ಸಿಡುಬು ಭೂಮಿಯಿಂದ ಅಳಿದಿದೆ ಎಂದು ವಿಶ್ವ ಆರೋಗ್ಯ ಸಭೆ ಘೋಷಿಸಿದ್ದು ಹೀಗೆ ತಿದ್ದುತ್ತಾ ಬಂದ ಲಸಿಕೆಯ ಬಲದಿಂದ.

1955ರಲ್ಲಿ ಅಮೆರಿಕದ ಕಟರ್ ಲ್ಯಾಬೊರೇಟರೀಸ್ ತಯಾರಿಸಿದ ಪೋಲಿಯೊ ಲಸಿಕೆಯ ಕೆಲವು ಬ್ಯಾಚ್‌ಗಳಲ್ಲಿ ವೈರಸ್ ಪೂರ್ತಿ ಸತ್ತಿರಲಿಲ್ಲ. ಹತ್ತು ಜನ ಸತ್ತರು, ಸುಮಾರು ಇನ್ನೂರು ಜನರ ಕೈಕಾಲು ಸ್ವಾಧೀನ ತಪ್ಪಿತು. ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿ, ಕಾರಣ ಹುಡುಕಿ, ತಯಾರಿಕೆಯ ಮೇಲಿನ ನಿಗಾವನ್ನೇ ಹೊಸದಾಗಿ ಕಟ್ಟಿತು. ಇದನ್ನು 1998ರ ಪ್ರಸಂಗದ ಪಕ್ಕದಲ್ಲಿಟ್ಟು ನೋಡಬೇಕು. ದಡಾರ, ಕೆಪ್ಪಟೆ, ರುಬೆಲ್ಲಾಗಳ ಸಂಯುಕ್ತ ಲಸಿಕೆಗೂ ಆಟಿಸಂಗೂ ಸಂಬಂಧವಿರಬಹುದೆಂದು ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಆಧಾರ ಹನ್ನೆರಡು ಮಕ್ಕಳು. ಆ ಅನುಮಾನವನ್ನೂ ಯಾರೂ ಸುಮ್ಮನೆ ತಳ್ಳಿಹಾಕಲಿಲ್ಲ, ಪರೀಕ್ಷಿಸಿದರು. ಡೆನ್ಮಾರ್ಕ್‌ನಲ್ಲಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2019ರಲ್ಲಿ ಬಂತು. ಲಸಿಕೆ ಹಾಕಿಸಿಕೊಂಡವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ಅಷ್ಟರಲ್ಲಿ, 2010ರಲ್ಲೇ, ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತ್ತು, ವೇಕ್‌ಫೀಲ್ಡ್ ವೈದ್ಯಕೀಯ ನೋಂದಣಿಯನ್ನೂ ಕಳೆದುಕೊಂಡಿದ್ದರು. ಕಟರ್ ಪ್ರಕರಣದ ಭಯಕ್ಕೆ ಆಧಾರ ಸಿಕ್ಕಿತು, ವೇಕ್‌ಫೀಲ್ಡ್ ಹುಟ್ಟಿಸಿದ ಭಯಕ್ಕೆ ಸಿಗಲಿಲ್ಲ. ಎರಡನ್ನೂ ಒಂದೇ ಬಗೆಯ ಎಚ್ಚರ ಎನ್ನುವವರು ಪುರಾವೆಯನ್ನು ಅರ್ಧ ದಾರಿಯಲ್ಲಿ ಬಿಟ್ಟವರು. 2017ರ ಫೆಬ್ರುವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗ ವಾಟ್ಸ್‌ಆ್ಯಪ್‌ನಲ್ಲಿ ಸುತ್ತಾಡಿದ ಸಂದೇಶಗಳಿಗೆ ಆ ಹನ್ನೆರಡು ಮಕ್ಕಳ ಆಧಾರವೂ ಇರಲಿಲ್ಲ.

ದಡಾರದ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳಲು ಅದರ ಲೆಕ್ಕವೇ ಕಾರಣ. ಯಾರಿಗೂ ನಿರೋಧಕತೆ ಇಲ್ಲದ ಊರಿನಲ್ಲಿ ಒಬ್ಬ ರೋಗಿ ಹನ್ನೆರಡರಿಂದ ಹದಿನೆಂಟು ಮಂದಿಗೆ ಅಂಟಿಸುತ್ತಾನೆ. ಈ ಸಂಖ್ಯೆ ಒಂದಕ್ಕಿಂತ ಕೆಳಗಿಳಿಯಬೇಕಾದರೆ ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಜನರಿಗೆ ರಕ್ಷಣೆ ಇರಬೇಕು. ಎರಡು ಡೋಸ್ ಆದಮೇಲೂ ನೂರಕ್ಕೆ ಮೂವರಲ್ಲಿ ಲಸಿಕೆ ಫಲ ಕೊಡುವುದಿಲ್ಲ. ಹಾಗಾಗಿ ಗುರಿ ಶೇ. 95. ಅಂದರೆ ನೂರು ಮನೆಗಳಲ್ಲಿ ಐದಾರು ಮನೆಯವರು ಬೇಡವೆಂದರೂ ಸರಪಳಿ ಮತ್ತೆ ಹೊರಡಬಹುದು. ಆಗ ಮೊದಲು ಸಿಕ್ಕಿಕೊಳ್ಳುವವರು ಬೇಡವೆಂದವರು ಮಾತ್ರವಲ್ಲ. ನಮ್ಮಲ್ಲಿ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದ ಮೇಲೆ. ಅದಕ್ಕೂ ಚಿಕ್ಕ ಶಿಶುವಿಗೆ ಇನ್ನೂ ಹಾಕಿಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವಿಗೆ ಜೀವಂತ ವೈರಸ್ಸಿನ ಲಸಿಕೆ ಹಾಕುವಂತೆಯೇ ಇಲ್ಲ. ಇವರು ಯಾವ ಆಯ್ಕೆಯನ್ನೂ ಮಾಡಿದವರಲ್ಲ.

ನನ್ನ ದೇಹ, ನನ್ನ ಮಗು, ನನ್ನ ತೀರ್ಮಾನ ಎಂಬ ಮಾತನ್ನು ನಾನು ಗೌರವಿಸುತ್ತೇನೆ. ಅದು ಅಷ್ಟು ಸುಲಭವಾಗಿ ಬಂದ ಹಕ್ಕಲ್ಲ. 1897ರಲ್ಲಿ ಪುಣೆಯ ಪ್ಲೇಗ್ ಸಮಿತಿಯ ಸಿಪಾಯಿಗಳು ಮನೆಯೊಳಗೆ ನುಗ್ಗಿದ ಕಥೆ, ಸಿಡುಬಿನ ಕೊನೆಯ ವರ್ಷಗಳಲ್ಲಿ ಉತ್ತರ ಭಾರತದ ಹಳ್ಳಿಗಳಲ್ಲಿ ಜನರನ್ನು ಬಲವಂತವಾಗಿ ಹಿಡಿದು ಚುಚ್ಚಿದ ದಾಖಲೆಗಳು ಓದಲು ಹಿತವಾಗಿಲ್ಲ. ಫಲ ಒಳ್ಳೆಯದಾಯಿತೆಂದು ಆ ಅವಮಾನ ಮಾಫಿಯಾಗುವುದಿಲ್ಲ. ಆದರೆ ದಡಾರದಲ್ಲಿ ನನ್ನ ತೀರ್ಮಾನದ ಬೆಲೆಯನ್ನು ಪಕ್ಕದ ಮನೆಯ ಐದು ತಿಂಗಳ ಕೂಸು ತೆರುತ್ತದೆ. ಆ ಕೂಸಿನ ದೇಹವೂ ಅಷ್ಟೇ ಅದರದು. ಬಲವಂತವಿಲ್ಲದೆ ಇದನ್ನು ತಿಳಿಸಿ ಹೇಳಲು ಸಾಧ್ಯ ಎಂದೇ ನಾನು ಭಾವಿಸಿದ್ದೇನೆ; ಹೆಚ್ಚಿನ ತಾಯಂದಿರು ಬೇಡವೆನ್ನುವುದಕ್ಕೆ ಸಿದ್ಧಾಂತ ಕಾರಣವಲ್ಲ, ಅಂದು ಕೂಲಿ ತಪ್ಪುತ್ತದೆ, ರಾತ್ರಿ ಮಗುವಿಗೆ ಜ್ವರ ಬರುತ್ತದೆ ಎಂಬುದು ಕಾರಣ.

ಸಮಾಜದ ಒಳಿತಿಗಾಗಿ ತೋಳೊಡ್ಡಿ ಎನ್ನುವ ಸರ್ಕಾರಕ್ಕೂ ಇದಕ್ಕೆ ಸರಿಸಮನಾದ ಹೊಣೆಯಿದೆ. ಅತ್ಯಂತ ಸುರಕ್ಷಿತ ಲಸಿಕೆಯೂ ಲಕ್ಷಗಟ್ಟಲೆ ಜನರಲ್ಲಿ ಒಬ್ಬರಿಗೆ ತೀವ್ರ ಅಲರ್ಜಿ ತರಬಹುದು. ಎಲ್ಲರ ಸಲುವಾಗಿ ಆ ಒಬ್ಬರು ಪಟ್ಟ ಪಾಡಿಗೆ ಎಲ್ಲರೂ ಸೇರಿ ಪರಿಹಾರ ಕೊಡುವುದು ದಾನವಲ್ಲ. ಅಮೆರಿಕ 1986ರಲ್ಲಿ ಕಾನೂನು ಮಾಡಿ, ಪ್ರತಿ ಡೋಸ್ ಮೇಲಿನ ಸಣ್ಣ ತೆರಿಗೆಯಿಂದ ಇದಕ್ಕೊಂದು ನಿಧಿ ಕಟ್ಟಿತು. ಕೋವಿಡ್ ಲಸಿಕೆಯ ನಂತರ ಮಕ್ಕಳನ್ನು ಕಳೆದುಕೊಂಡೆವು ಎಂದ ತಂದೆತಾಯಿಗಳ ಅರ್ಜಿಗೆ 2022ರಲ್ಲಿ ನಮ್ಮ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ಕೊಟ್ಟ ಉತ್ತರ, ತಾನು ಹೊಣೆಯಲ್ಲ, ಪರಿಹಾರ ಬೇಕಾದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು ಎಂದು. ಆ ಸಾವುಗಳಿಗೆ ಲಸಿಕೆಯೇ ಕಾರಣವೇ ಎಂಬುದು ಬೇರೆ ಪ್ರಶ್ನೆ. ಅದನ್ನು ಸಾಬೀತು ಮಾಡುವ ಭಾರವನ್ನು ಮಕ್ಕಳನ್ನು ಕಳೆದುಕೊಂಡವರ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ.

ಇನ್ನು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದವು, ಸುತ್ತಲ ಊರುಗಳ ಜನರಿಗೆ ಜ್ವರ ಬಂತು. ಹಳದಿ ಜ್ವರ ಇರಬಹುದೆಂದು ಗಾಬರಿಗೊಂಡು ಬಂದ ವಿಜ್ಞಾನಿಗಳಿಗೆ ಸಿಕ್ಕಿದ್ದು ಹೊಸದೇ ವೈರಸ್. ಕಾಡಿನ ಉಣುಗು ಕಚ್ಚಿ ಅದು ಮನುಷ್ಯರಿಗೆ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ತಗಲಿದ ನೂರು ಜನರಲ್ಲಿ ಮೂವರೋ ಐವರೋ ಸಾಯುತ್ತಾರೆ. ಯಾರವರು? ಕೊಟ್ಟಿಗೆಗೆ, ಅಡಿಕೆ ತೋಟಕ್ಕೆ ದರಗೆಲೆ ಗುಡಿಸಿ ತರುವವರು, ಸೌದೆ ಒಟ್ಟುವವರು, ದನ ಮೇಯಿಸುವವರು, ತೋಟದ ಕೂಲಿಯವರು. ಕಾಡಿಗೆ ಹೋಗಬೇಡಿ ಎಂದು ಅವರಿಗೆ ಹೇಳುವುದೂ ಊಟ ಮಾಡಬೇಡಿ ಎಂದು ಹೇಳುವುದೂ ಬಹುಮಟ್ಟಿಗೆ ಒಂದೇ.

ಇದಕ್ಕೊಂದು ಲಸಿಕೆ ಇತ್ತು. ಮೊದಲು ರಷ್ಯಾ ಕಡೆಯ ಸಮೀಪದ ವೈರಸ್ಸೊಂದರ ಲಸಿಕೆಯನ್ನು ಪ್ರಯತ್ನಿಸಿ ಕೈಬಿಟ್ಟರು. ಆಮೇಲೆ ಕೋಳಿ ಭ್ರೂಣದ ಕೋಶಗಳಲ್ಲಿ ವೈರಸ್ ಬೆಳೆಸಿ ಫಾರ್ಮಲಿನ್‌ನಲ್ಲಿ ಕೊಂದು ಲಸಿಕೆ ತಯಾರಿಸಿದರು. ಅದು 1990ರಿಂದ ವ್ಯಾಪಕ ಬಳಕೆಗೆ ಬಂತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷಕ್ಕೊಂದರಂತೆ ಹಲವು ವರ್ಷ. ಚುಚ್ಚಿದ ಜಾಗ ಬಾತು ನೋಯುತ್ತಿತ್ತು. 2005ರಿಂದ 2010ರವರೆಗಿನ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನದ ಪ್ರಕಾರ ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇ. 62.4, ಬೂಸ್ಟರ್ ಕೂಡ ಪಡೆದವರಲ್ಲಿ ಶೇ. 82.9. ಮೊದಲ ಸಂಖ್ಯೆಯ ಸುತ್ತಲಿನ ಅನಿಶ್ಚಿತತೆಯೂ ದೊಡ್ಡದು. ನಿಜವಾದ ಅಂಕಿ 26ರಿಂದ 81ರ ನಡುವೆ ಎಲ್ಲಿ ಬೇಕಾದರೂ ಇರಬಹುದಿತ್ತು. ದಡಾರದ ಲಸಿಕೆಯ 97ರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. 2022ರಲ್ಲಿ ಸರ್ಕಾರವೇ, ಇದರ ಪರಿಣಾಮ ಸಾಲದು ಎಂದು, ಈ ಲಸಿಕೆಯನ್ನು ನಿಲ್ಲಿಸಿತು.

ಈಗ ಹಿಂತಿರುಗಿ ನೋಡಿದರೆ, ಎರಡನೇ ಡೋಸಿಗೆ ಬಾರದೆ ಉಳಿದ ಕೂಲಿಯವಳನ್ನು ತಿಳಿವಳಿಕೆ ಇಲ್ಲದವಳು ಎಂದು ಬರೆದುಕೊಳ್ಳುತ್ತಿದ್ದ ನಮ್ಮ ವರದಿಗಳು ಅನ್ಯಾಯದ್ದಾಗಿ ಕಾಣುತ್ತವೆ. ಹಾಕಿಸಿಕೊಂಡ ನೆರೆಯವನಿಗೂ ಕಾಯಿಲೆ ಬಂದದ್ದನ್ನು ಆಕೆ ಕಂಡಿರಬಹುದು. ನೋವು, ತಪ್ಪಿದ ಕೂಲಿ, ಮತ್ತೆ ಮತ್ತೆ ಬರಬೇಕಾದ ಕಾಟ ಇವನ್ನು ಲೆಕ್ಕ ಹಾಕಿರಬಹುದು. ಅದೂ ತರ್ಕವೇ. ಮೇಲಾಗಿ ಈ ರೋಗ ಮನುಷ್ಯರಿಂದ ಹರಡದ ಕಾರಣ, ದಡಾರದಲ್ಲಿ ನಾನು ಹೂಡಿದ ನೆರೆಯ ಕೂಸಿನ ವಾದ ಇಲ್ಲಿ ನಿಲ್ಲುವುದೇ ಇಲ್ಲ. ಆಕೆಯ ನಿರಾಕರಣೆಯ ಬೆಲೆ ತೆರುವವಳು ಆಕೆಯೇ. ಅರ್ಧ ರಕ್ಷಣೆಯಾದರೂ ಏನೂ ಇಲ್ಲದ್ದಕ್ಕಿಂತ ಮೇಲಲ್ಲವೇ ಎಂದರೆ, ಮೇಲು; ನಾನಾಗಿದ್ದರೆ ಹಾಕಿಸಿಕೊಳ್ಳುತ್ತಿದ್ದೆ. ಆದರೆ ಅದು ಅರ್ಧ ಎಂದು ಕೇಳಿ ತಿಳಿದು ತೋಳೊಡ್ಡುವುದಕ್ಕೂ ಪೂರ್ತಿ ಎಂದುಕೊಂಡು ಉಣುಗಿನ ಕಾಡಿಗೆ ಕಡಿತ ತಡೆಯುವ ಎಣ್ಣೆ ಹಚ್ಚಿಕೊಳ್ಳದೆ ಹೋಗುವುದಕ್ಕೂ ನಡುವಿನ ವ್ಯತ್ಯಾಸ ಜೀವದ್ದು.

ಕೋವಿಡ್ ವೈರಸ್ಸಿನ ವಂಶವಾಹಿ ನಕ್ಷೆ ಹೊರಬಿದ್ದದ್ದು 2020ರ ಜನವರಿಯಲ್ಲಿ. ಅದೇ ಡಿಸೆಂಬರ್‌ನಲ್ಲಿ ಬ್ರಿಟನ್‌ನಲ್ಲಿ ಜನರಿಗೆ ಲಸಿಕೆ ಹಾಕಿದರು. ಕ್ಯಾಸನೂರಿನ ವೈರಸ್ ಸಿಕ್ಕಿ ಅರವತ್ತೈದು ವರ್ಷ ಕಳೆದಾಗ ಇದ್ದ ಒಂದು ಲಸಿಕೆಯೂ ಇಲ್ಲವಾಯಿತು. ಈ ಹೋಲಿಕೆ ಪೂರ್ತಿ ನ್ಯಾಯವಲ್ಲ ಎಂದು ವಿಜ್ಞಾನಿಗಳು ಹೇಳುತ್ತಾರೆ, ಅದರಲ್ಲಿ ಹುರುಳಿದೆ. ಕೋವಿಡ್ ಲಸಿಕೆಯ ಹಿಂದೆ ದಶಕಗಳ ಸಂಶೋಧನೆ ಇತ್ತು. ಲಕ್ಷಾಂತರ ಜನರಿಗೆ ಕಾಯಿಲೆ ಹರಡುತ್ತಿದ್ದುದರಿಂದ ಪ್ರಯೋಗದ ಫಲಿತಾಂಶ ಬೇಗ ಸಿಕ್ಕಿತು. ವರ್ಷಕ್ಕೆ ಕೆಲವು ನೂರು ರೋಗಿಗಳಿರುವ, ಅದೂ ವರ್ಷಕ್ಕೊಂದು ಊರಿನಲ್ಲಿ ಕಾಣಿಸಿಕೊಳ್ಳುವ ಕಾಯಿಲೆಯಲ್ಲಿ ಅಂಥ ಪ್ರಯೋಗ ಕಷ್ಟ. ಆದರೆ ಕಷ್ಟ ಎಂಬುದು ಐದು ವರ್ಷದ ತಡಕ್ಕೆ ಕಾರಣವಾದೀತು, ಅರ್ಧ ಶತಮಾನದ್ದಕ್ಕಲ್ಲ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳು ಶುರುವಾದ ಮೇಲಷ್ಟೇ ಈ ಕಾಯಿಲೆಯ ಹೆಸರನ್ನು ರಾಜಧಾನಿಯ ಬಹಳ ಜನ ಕೇಳಿದ್ದು. ದರಗೆಲೆ ಗುಡಿಸುವವರು ಲಸಿಕೆಗೆ ಮಾರುಕಟ್ಟೆ ಆಗಲಾರರು. ಮಾರುಕಟ್ಟೆ ಇಲ್ಲದ ಕಡೆ ಬರಬೇಕಾದದ್ದು ಸರ್ಕಾರ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈಗ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿದೆ. ಅದು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ ದಿನ ಆಶಾ ಕಾರ್ಯಕರ್ತೆಯನ್ನು ಊರಿನವರು ಮೊದಲು ಕೇಳುವುದು, ಹಿಂದಿನದಕ್ಕೆ ಏನಾಯಿತಮ್ಮ ಎಂದು. ಆಕೆಯ ಕೈಗೆ ಹೊಸ ಪೋಸ್ಟರಿನ ಜೊತೆ ಹಳೆಯ ಲಸಿಕೆಯ ಪೂರ್ತಿ ಲೆಕ್ಕವನ್ನೂ ಕೊಡಬೇಕು: ಎಷ್ಟು ಜನರಿಗೆ ಹಾಕಿದರು, ಎಷ್ಟು ಜನರನ್ನು ಕಾಪಾಡಿತು, ಸತ್ವ ಕುಗ್ಗಿದ್ದರೆ ಯಾವಾಗ ಕುಗ್ಗಿತು, ಪರಿಣಾಮ ಸಾಲದೆಂದು ಅಧಿಕಾರಿಗಳಿಗೆ ಯಾವಾಗ ತಿಳಿಯಿತು. ಹೊಸದನ್ನು ಎಷ್ಟು ಮಂದಿಯ ಮೇಲೆ ಪರೀಕ್ಷಿಸಿದ್ದಾರೆ, ರಕ್ಷಣೆ ನೂರಕ್ಕೆ ಎಷ್ಟು, ಎಷ್ಟು ವರ್ಷ, ಚುಚ್ಚಿದ ಮರುದಿನ ಏಳಲಾಗದಿದ್ದರೆ ಆ ದಿನದ ಕೂಲಿ ಯಾರು ಕೊಡುತ್ತಾರೆ ಎಂಬುದೂ ಕನ್ನಡದಲ್ಲಿ, ಕೇಂದ್ರದ ಬಾಗಿಲಲ್ಲೇ ಬರೆದಿರಬೇಕು.